ಲೀಚೆಸ್‌ನ ಪಜಲ್ ವಿಭಾಗ: ಇಲ್ಲಿ ಅನುಭವ ಎಷ್ಟರಮಟ್ಟಿಗೆ ದೊರೆಯುತ್ತದೆ?

ಲೀಚೆಸ್ ಎಂಬ ಚದುರಂಗದ ತಾಣ ಆರಂಭವಾದದ್ದು 2010ರಲ್ಲಿ. ಫ್ರಾನ್ಸಿನ ಪ್ರೋಗ್ರಾಮರ್ ತಿಬೋ ದುಪ್ಲೆಸಿ ಶುರುಮಾಡಿದ ಈ ತಾಣ ಇಂದಿಗೂ ದೇಣಿಗೆಯ ಬಲದ ಮೇಲೆಯೇ ನಡೆಯುತ್ತದೆ. ಇಲ್ಲಿ ಜಾಹೀರಾತಿಲ್ಲ, ಚಂದಾ ಇಲ್ಲ, ಹಣ ಕೊಟ್ಟವರಿಗೆಂದು ಎತ್ತಿಟ್ಟ ಸೌಲಭ್ಯವೂ ಇಲ್ಲ. ತಾಣದ ಸಂಪೂರ್ಣ ಕೋಡ್ ಯಾರು ಬೇಕಾದರೂ ಓದಬಹುದಾದಂತೆ ಮುಕ್ತವಾಗಿದೆ. ಆಟ, ಟೂರ್ನಿ, ವಿಶ್ಲೇಷಣೆ ಎಂದು ಅಲ್ಲಿ ಹಲವು ವಿಭಾಗಗಳಿದ್ದರೂ ನಾನು ಬಹಳ ಕಾಲದಿಂದ ಹೆಚ್ಚಾಗಿ ಬಳಸುತ್ತಿರುವುದು, ಮಣೆಯ ಮೇಲೆ ಒಂದು ಸ್ಥಿತಿ ಕೊಟ್ಟು ಸರಿಯಾದ ನಡೆ ಹುಡುಕಲು ಹೇಳುವ ಪಜಲ್ ವಿಭಾಗವನ್ನು. ಅದು ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಸುಲಭ: ತುಂಬ ಚೆನ್ನಾಗಿದೆ. ಆದರೆ ಈ ವಿಭಾಗವನ್ನು ಬಳಸುವ ಬಹುಪಾಲು ಜನ ಅದರಿಂದ ನಿರೀಕ್ಷಿಸುವುದು ಕೇವಲ ಮನರಂಜನೆಯನ್ನಲ್ಲ. ಹತ್ತಾರು ವರ್ಷ ಆಡಿದವರಿಗೆ ಮಾತ್ರ ಸಿಗುವಂಥ ಅನುಭವವನ್ನು ಕಡಿಮೆ ಸಮಯದಲ್ಲಿ ಗಳಿಸಿಕೊಳ್ಳಬಹುದೆಂಬ ಆಸೆಯಿಂದ ಅವರು ಬರುತ್ತಾರೆ. ಆ ಆಸೆ ಎಷ್ಟರಮಟ್ಟಿಗೆ ಈಡೇರುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ.

ಮೊದಲು ಅದು ಕೆಲಸ ಮಾಡುವ ಬಗೆಯನ್ನು ಹೇಳಬೇಕು. ಇಲ್ಲಿನ ಪಜಲ್‌ಗಳನ್ನು ಯಾರೋ ಪಂಡಿತರು ಕುಳಿತು ರಚಿಸಿಲ್ಲ. ತಾಣದಲ್ಲಿ ಜನ ನಿಜವಾಗಿ ಆಡಿದ ಆಟಗಳನ್ನು ಸ್ಟಾಕ್‌ಫಿಶ್ ಎಂಬ ಎಂಜಿನ್ (ಚದುರಂಗ ಆಡುವ ಕಂಪ್ಯೂಟರ್ ಪ್ರೋಗ್ರಾಮ್) ಜಾಲಾಡಿ, ಒಬ್ಬರು ತಪ್ಪಿ, ಇನ್ನೊಬ್ಬರಿಗೆ ಅದರ ಲಾಭ ಪಡೆಯುವ ಅವಕಾಶ ಒದಗಿದ ಸ್ಥಿತಿಗಳನ್ನು ಹೆಕ್ಕಿ ತೆಗೆಯುತ್ತದೆ. ಹೀಗೆ ಸಂಗ್ರಹವಾದ ಪಜಲ್‌ಗಳ ಸಂಖ್ಯೆ ಹಲವು ದಶಲಕ್ಷಗಳನ್ನು ದಾಟಿದೆ, ಮತ್ತು ಇಡೀ ಸಂಗ್ರಹವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಮಣೆಯ ಮೇಲೆ ಎದುರಾಳಿಯ ಆ ತಪ್ಪು ನಡೆ ಮೊದಲು ನಡೆಯುತ್ತದೆ, ಆಮೇಲೆ ಸರದಿ ನಮ್ಮದು. ಪ್ರತಿ ಹಂತದಲ್ಲೂ ಸರಿಯಾದ ನಡೆ ಒಂದೇ ಒಂದು. ಒಂದೇ ನಡೆಯಲ್ಲಿ ಚೆಕ್‌ಮೇಟ್ ಆಗುವ ಕಡೆ ಮಾತ್ರ ಬೇರೆ ದಾರಿಗಳಿಗೂ ಒಪ್ಪಿಗೆ ಇದೆ. ಆಟಗಾರನಿಗೆ ಅವನ ಬಲವನ್ನು ಅಂಕಿಯಲ್ಲಿ ಹೇಳುವ ರೇಟಿಂಗ್ ಇರುವಂತೆ ಪ್ರತಿ ಪಜಲ್‌ಗೂ ಒಂದು ರೇಟಿಂಗ್ ಇರುತ್ತದೆ. ನಾವು ಬಿಡಿಸಿದರೆ ಪಜಲ್ ಸೋತಂತೆ, ಎಡವಿದರೆ ಅದು ಗೆದ್ದಂತೆ, ಮತ್ತು ಗ್ಲಿಕೋ-2 ಎಂಬ ಲೆಕ್ಕಾಚಾರದ ಪ್ರಕಾರ ಎರಡೂ ಕಡೆಯ ಅಂಕ ಏರಿಳಿಯುತ್ತದೆ. ಹೀಗಾಗಿ ಅಂಕ ಒಂದಿಷ್ಟು ಸ್ಥಿರವಾದ ಮೇಲೆ ಎದುರಿಗೆ ಬರುವ ಪಜಲ್ ತೀರಾ ಸುಲಭವೂ ಆಗಿರುವುದಿಲ್ಲ, ಕೈಗೆಟುಕದಷ್ಟು ಕಷ್ಟವೂ ಆಗಿರುವುದಿಲ್ಲ. ಇದಕ್ಕಿಂತ ಹದವರಿತ ಏರ್ಪಾಟನ್ನು ನಾನು ಬೇರೆ ಯಾವ ಅಭ್ಯಾಸ ಸಾಧನದಲ್ಲೂ ಕಂಡಿಲ್ಲ.

ಇಂಥ ಅಭ್ಯಾಸಕ್ಕೆ ಇರುವ ಬುನಾದಿ ಗಟ್ಟಿಯಾದದ್ದು. ಅನುಭವಿ ಆಟಗಾರ ಹೊಸಬನಿಗಿಂತ ಹತ್ತು ನಡೆ ಮುಂದಕ್ಕೆ ಲೆಕ್ಕ ಹಾಕುತ್ತಾನೆ ಎಂಬುದು ಚದುರಂಗ ಆಡದವರಲ್ಲಿ ಬೇರೂರಿದ ಕಲ್ಪನೆ. ಸ್ವತಃ ಬಲಿಷ್ಠ ಆಟಗಾರರಾಗಿದ್ದ ಡಚ್ ಮನಶ್ಶಾಸ್ತ್ರಜ್ಞ ಆದ್ರಿಯಾನ್ ದ ಗ್ರೂಟ್ 1946ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಲ್ಪನೆಯನ್ನು ಅಲುಗಾಡಿಸಿತು. ಅವರು ಗ್ರ್ಯಾಂಡ್‌ಮಾಸ್ಟರ್‌ಗಳನ್ನೂ ಅವರಿಗಿಂತ ಕೆಳಗಿನ ದರ್ಜೆಯ ಆಟಗಾರರನ್ನೂ ಒಂದೇ ಸ್ಥಿತಿಯ ಮುಂದೆ ಕೂರಿಸಿ, ತಲೆಯಲ್ಲಿ ಓಡುತ್ತಿರುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಿದರು. ಎಷ್ಟು ನಡೆಗಳನ್ನು ಪರಿಶೀಲಿಸಿದರು, ಎಷ್ಟು ಆಳಕ್ಕೆ ಹೋದರು ಎಂಬುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಒಳ್ಳೆಯ ನಡೆ ಕಣ್ಣಿಗೆ ಬೀಳುವುದರಲ್ಲಿ: ದುರ್ಬಲ ಆಟಗಾರ ಹುಡುಕಾಟದ ಕೊನೆಗೂ ತಲುಪದ ನಡೆ ಗ್ರ್ಯಾಂಡ್‌ಮಾಸ್ಟರ್‌ನ ಪರಿಶೀಲನೆಯ ಆರಂಭದಲ್ಲೇ ಇರುತ್ತಿತ್ತು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಈ ಎಳೆಯನ್ನು ಮುಂದುವರಿಸಿದರು. ನಿಜವಾದ ಆಟದಿಂದ ಎತ್ತಿಕೊಂಡ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮರೆಮಾಡಿದಾಗ, ಮಾಸ್ಟರ್ ಸುಮಾರು 16 ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಮರಳಿ ಇಟ್ಟರೆ, ಹೊಸಬ ಇಟ್ಟದ್ದು ಸುಮಾರು 4. ಅದೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಈ ಅಂತರ ಬಹುಮಟ್ಟಿಗೆ ಮಾಯವಾಯಿತು. ಮಾಸ್ಟರ್‌ನದು ಅಸಾಧಾರಣ ನೆನಪಲ್ಲ ಎಂದಾಯಿತು. ಹೊಸಬ ಬಿಡಿಬಿಡಿಯಾಗಿ ನೋಡುವ ಕಾಯಿಗಳನ್ನು ಅವನು ಹಿಂದೆ ಕಂಡ ಗುಂಪುಗಳಾಗಿ ನೋಡುತ್ತಾನೆ, ಅಷ್ಟೆ.

ಅನುಭವವೆಂದರೆ ಇಂಥ ಗುರುತುಗಳ ಭಂಡಾರ ಎನ್ನುವುದಾದರೆ, ಆ ಭಂಡಾರವನ್ನು ತುಂಬಿಸುವುದಕ್ಕೆ ಲೀಚೆಸ್‌ನ ಪಜಲ್ ವಿಭಾಗಕ್ಕಿಂತ ವೇಗದ ಸಾಧನ ಇರಲಾರದು. ಕುದುರೆಯ ಒಂದೇ ನೆಗೆತಕ್ಕೆ ರಾಜನೂ ರಾಣಿಯೂ ಒಟ್ಟಿಗೆ ಸಿಕ್ಕಿಬೀಳುವ ಸ್ಥಿತಿ ಒಂದು ಸಾಧಾರಣ ಆಟದಲ್ಲಿ ಬರಬಹುದು, ಬಾರದೆಯೂ ಇರಬಹುದು. ಇಲ್ಲಿ ಬೇಕೆಂದರೆ ಒಂದು ಸಂಜೆಯಲ್ಲಿ ಅಂಥವೇ ಹತ್ತಾರು ಸ್ಥಿತಿಗಳನ್ನು, ಪ್ರತಿ ಸಲ ಸ್ವಲ್ಪ ಬೇರೆಯಾದ ವೇಷದಲ್ಲಿ, ಎದುರಿಸಬಹುದು. ಅದಕ್ಕಿಂತ ಮುಖ್ಯವಾದದ್ದು ಉತ್ತರ ಸಿಗುವ ರೀತಿ. ನಡೆ ತಪ್ಪಾದರೆ ಆ ಕ್ಷಣವೇ ಗೊತ್ತಾಗುತ್ತದೆ, ಮತ್ತು ನಮ್ಮ ಮುಖ ನೋಡಿ ಯಾರೂ ತೀರ್ಪನ್ನು ಮೃದುಗೊಳಿಸುವುದಿಲ್ಲ. ಸರಿಯಾದ ನಡೆಯನ್ನು ಮತ್ತೆ ಹುಡುಕಲು ಬಿಡುತ್ತದೆ ನಿಜ, ಆದರೆ ರೇಟಿಂಗ್‌ನ ಮಟ್ಟಿಗೆ ಆ ಪಜಲ್ ಕೈತಪ್ಪಿ ಹೋದಂತೆಯೇ.

ಈ ಕಟ್ಟುನಿಟ್ಟಿನ ಬೆಲೆ ಅರಿಯಲು ಚದುರಂಗದ ಹೊರಗೆ ಒಮ್ಮೆ ನೋಡುವುದು ಒಳ್ಳೆಯದು. ವೈದ್ಯರು ವೃತ್ತಿಯಲ್ಲಿ ಕಳೆದ ವರ್ಷಗಳಿಗೂ ಅವರು ಕೊಡುವ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ನಂಟನ್ನು ಅಳೆದ 62 ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವರ್ಷಗಳು ಏರಿದಂತೆ ಗುಣಮಟ್ಟ ಇಳಿದದ್ದನ್ನು ತೋರಿಸಿದವು. ಕೆಲಸ ಮಾಡುತ್ತಾ ಹೋದ ಮಾತ್ರಕ್ಕೆ ಕೆಲಸ ಸುಧಾರಿಸುವುದಿಲ್ಲ. ಅಂತಃಸ್ಫೂರ್ತಿಯ ತೀರ್ಮಾನವನ್ನು ಸಂದೇಹದಿಂದ ನೋಡುತ್ತಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅದನ್ನು ಗೌರವಿಸುತ್ತಿದ್ದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2009ರಲ್ಲಿ ಜೊತೆಗೂಡಿ ಬರೆದ ಲೇಖನದಲ್ಲಿ ಒಮ್ಮತಕ್ಕೆ ಬಂದದ್ದು ಎರಡು ಷರತ್ತುಗಳ ಮೇಲೆ: ಕ್ಷೇತ್ರದಲ್ಲಿ ನಂಬಬಹುದಾದ ಕ್ರಮ ಇರಬೇಕು, ಮತ್ತು ಆ ಕ್ರಮವನ್ನು ಕಲಿಯುವಷ್ಟು ಸಲ ನಮ್ಮ ತೀರ್ಮಾನಕ್ಕೆ ಉತ್ತರ ಸಿಕ್ಕಿರಬೇಕು. ಎರಡನೆಯ ಷರತ್ತು ಬಹುತೇಕ ವೃತ್ತಿಗಳಲ್ಲಿ ಪೂರೈಕೆಯಾಗುವುದಿಲ್ಲ. ನೇಮಕಾತಿಯ ಸಂದರ್ಶನದಲ್ಲಿ ತಿರಸ್ಕರಿಸಿದವನು ಮುಂದೆ ಏನಾದ ಎಂಬುದು ಸಂದರ್ಶಕನಿಗೆ ಎಂದೂ ತಿಳಿಯುವುದಿಲ್ಲವಾದ್ದರಿಂದ, ಇಪ್ಪತ್ತು ವರ್ಷದ ಬಳಿಕವೂ ಅವನಲ್ಲಿ ಬೆಳೆದಿರುವುದು ಆತ್ಮವಿಶ್ವಾಸ ಮಾತ್ರವಾಗಿರಬಹುದು. ಪಜಲ್ ವಿಭಾಗ ಈ ಎರಡನೆಯ ಷರತ್ತನ್ನೇ ಹಿಡಿದು, ಅದನ್ನು ಸೆಕೆಂಡುಗಳ ಅಳತೆಗೆ ತಂದು ನಿಲ್ಲಿಸಿದೆ. ಇದು ಸಣ್ಣ ಸಾಧನೆಯಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಇದು ಲೀಚೆಸ್ ಒಂದರದೇ ಅಲ್ಲ, ಪಜಲ್ ಎಂಬ ಅಭ್ಯಾಸ ಕ್ರಮದ್ದೇ ಮಿತಿ. ಪಜಲ್ ಮಣೆಯ ಮೇಲೆ ಮೂಡಿದ ಕೂಡಲೇ ಅದು ನಮಗೆ ಒಂದು ರಹಸ್ಯವನ್ನು ಬಿಟ್ಟುಕೊಟ್ಟಿರುತ್ತದೆ: ಇಲ್ಲಿ ಏನೋ ಇದೆ, ನಿಲ್ಲು, ಹುಡುಕು. ನಿಜವಾದ ಆಟದಲ್ಲಿ ಈ ಪಿಸುಮಾತು ಹೇಳುವವರು ಯಾರೂ ಇಲ್ಲ. ನಲವತ್ತು ನಡೆಗಳ ಆಟದಲ್ಲಿ ಮೂವತ್ತೇಳು ಕಡೆ ಹುಡುಕುವಂಥದ್ದು ಏನೂ ಇರುವುದಿಲ್ಲ. ಉಳಿದ ಮೂರು ಯಾವುವು ಎಂದು ಗುರುತಿಸುವುದರಲ್ಲೇ ಅರ್ಧ ಅನುಭವ ಅಡಗಿದೆ. ಪಜಲ್ ವಿಭಾಗ ಉಳಿದರ್ಧವನ್ನು ಅದ್ಭುತವಾಗಿ ಕಲಿಸುತ್ತದೆ, ಈ ಅರ್ಧವನ್ನು ನಮಗೆ ಗೊತ್ತಾಗದಂತೆ ತಾನೇ ಮಾಡಿಕೊಟ್ಟುಬಿಡುತ್ತದೆ.

ಇದಕ್ಕೆ ಅತ್ಯಂತ ದೊಡ್ಡ ವೇದಿಕೆಯ ಉದಾಹರಣೆಯೇ ಇದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಹದಿನಾಲ್ಕನೆಯ ಆಟ ನಡೆಯುತ್ತಿತ್ತು. ಅಂಕ ಸಮವಾಗಿತ್ತು, ಆಟ ಡ್ರಾದ ಕಡೆಗೆ ಸಾಗುತ್ತಿದೆ ಎಂದೇ ನೋಡುವವರು ಭಾವಿಸಿದ್ದರು. ಐವತ್ತೈದನೆಯ ನಡೆಯಲ್ಲಿ, ಬಿಳಿ ಕಾಯಿಗಳೊಡನೆ ಆಡುತ್ತಿದ್ದ ಆಗಿನ ಚಾಂಪಿಯನ್ ಡಿಂಗ್ ಲಿರೆನ್ ತಮ್ಮ ಆನೆಯನ್ನು ಎಫ್2 ಮನೆಗೆ ಸರಿಸಿದರು. ಆನೆಗಳ ವಿನಿಮಯವಾದರೆ ಮೂಲೆಯಲ್ಲಿ ಸಿಕ್ಕಿಕೊಂಡಿರುವ ಬಿಳಿಯ ಒಂಟೆಯನ್ನೂ ಬಲವಂತವಾಗಿ ವಿನಿಮಯ ಮಾಡಿಸಬಹುದು, ಆಮೇಲೆ ಉಳಿಯುವ ರಾಜ-ಕಾಲಾಳುಗಳ ಆಟದಲ್ಲಿ ಕಪ್ಪಿನ ಗೆಲುವು ಖಚಿತ. ಇದೇ ಸ್ಥಿತಿಯನ್ನು ಪಜಲ್ ಆಗಿ ಕೊಟ್ಟರೆ ಸಾಧಾರಣ ಕ್ಲಬ್ ಆಟಗಾರನೂ ಸ್ವಲ್ಪ ಹೊತ್ತಿನಲ್ಲಿ ಬಿಡಿಸುತ್ತಾನೆ. ಆದರೆ ಕಪ್ಪು ಕಾಯಿಗಳೊಡನೆ ಆಡುತ್ತಿದ್ದ ಭಾರತದ ಗುಕೇಶ್ ಆಟದ ಬಳಿಕ ಹೇಳಿದಂತೆ, ಅವರಿಗೇ ಅದು ತಕ್ಷಣ ಹೊಳೆಯಲಿಲ್ಲ. ಬೇರೊಂದು ನಡೆಯನ್ನು ಆಡುವುದರಲ್ಲಿದ್ದವರು, ಎದುರಾಳಿಯ ಒಂಟೆಗೆ ದಾರಿಯಿಲ್ಲ ಎಂಬುದನ್ನು ಗಮನಿಸಿ ತಡೆದು ನಿಂತರು. ಹದಿನೆಂಟನೆಯ ವಯಸ್ಸಿನಲ್ಲಿ ಅವರನ್ನು ವಿಶ್ವ ಚಾಂಪಿಯನ್ ಮಾಡಿದ್ದು ಆ ಅಂತ್ಯದಾಟದ ಲೆಕ್ಕಕ್ಕಿಂತ ಹೆಚ್ಚಾಗಿ ಆ ತಡೆದು ನಿಂತ ಕ್ಷಣ ಎಂದು ನನಗನ್ನಿಸುತ್ತದೆ.

ರಕ್ಷಣೆಯ ವಿಷಯದಲ್ಲಂತೂ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. 2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನೊಡನೆ ಆಡುತ್ತಾ, ಎರಡನೆಯ ಆಟದಲ್ಲಿ ಒಂದೇ ನಡೆಯ ಚೆಕ್‌ಮೇಟನ್ನು ಗಮನಿಸದೆ ಹೋದರು. ಅವರು ಗೆಲ್ಲುವ ದಾರಿ ಹುಡುಕುವುದರಲ್ಲಿ ಮುಳುಗಿದ್ದರು, ಎದುರಾಳಿಯ ರಾಣಿ ಏನು ಮಾಡಬಲ್ಲದು ಎಂದು ಕೇಳಿಕೊಳ್ಳಲಿಲ್ಲ. ಲೀಚೆಸ್‌ನಲ್ಲಿ ರಕ್ಷಣಾತ್ಮಕ ನಡೆ ಎಂಬ ಪ್ರತ್ಯೇಕ ವರ್ಗವಿದೆ, ಸ್ಥಿತಿಯನ್ನು ಸಮಕ್ಕೆ ತರಬೇಕಾದ ಪಜಲ್‌ಗಳೂ ಇವೆ. ಆದರೂ ಒಟ್ಟು ಸಂಗ್ರಹದ ಒಲವು ದಾಳಿಯ ಕಡೆಗೇ. ಬಹಳಷ್ಟು ಪಜಲ್ ಬಿಡಿಸಿದವನ ಕೈ ಬಲಿಕೊಡುವುದಕ್ಕೆ ತವಕಿಸುತ್ತಿರುತ್ತದೆ. ಆನೆಯನ್ನೋ ರಾಣಿಯನ್ನೋ ಬಿಟ್ಟುಕೊಟ್ಟರೆ ಮುಂದೆ ಏನೋ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಪಜಲ್‌ನಲ್ಲಿ ಸಾಮಾನ್ಯವಾಗಿ ಫಲಿಸುತ್ತದೆ, ಆಟದಲ್ಲಿ ಸಾಮಾನ್ಯವಾಗಿ ಆನೆ ಹೋಗುತ್ತದೆ.

ವಿಭಾಗದೊಳಗಿನ ಆಯ್ಕೆಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಫೋರ್ಕ್ (ಒಂದೇ ಕಾಯಿಯಿಂದ ಎರಡರ ಮೇಲೆ ದಾಳಿ), ಪಿನ್ (ಹಿಂದಿನ ಕಾಯಿಗಾಗಿ ಮುಂದಿನದು ಕದಲಲಾಗದ ಸ್ಥಿತಿ), ಎರಡು ನಡೆಯ ಮೇಟ್ ಎಂದು ವಸ್ತುವಾರು ಪಜಲ್‌ಗಳನ್ನು ಆರಿಸಿಕೊಳ್ಳಬಹುದು. ಒಂದು ತಂತ್ರವನ್ನು ಮೊದಲ ಬಾರಿ ಕಲಿಯುವಾಗ ಇದು ಉಪಯುಕ್ತ; ಅದಾದ ಮೇಲೂ ಅಲ್ಲೇ ಉಳಿದರೆ, ಏನೋ ಇದೆ ಎಂಬ ಸುಳಿವಿನ ಜೊತೆಗೆ ಏನಿದೆ ಎಂಬ ಸುಳಿವನ್ನೂ ಪಡೆದಂತಾಗುತ್ತದೆ. ಎಲ್ಲವನ್ನೂ ಬೆರೆಸಿ ಕೊಡುವ ಆಯ್ಕೆಯೇ ಉತ್ತಮ. ಮೂರು ನಿಮಿಷದಲ್ಲಿ ಆದಷ್ಟು ಬಿಡಿಸುವ ಸ್ಟಾರ್ಮ್, ಒಂದು ತಪ್ಪಿಗೇ ಮುಗಿಯುವ ಸ್ಟ್ರೀಕ್, ಇತರರೊಡನೆ ಓಡುವ ರೇಸರ್ ಇವು ಮೂರೂ ಚಟ ಹಿಡಿಸುವಂತಿವೆ. ಗೊತ್ತಿರುವುದನ್ನು ಬೇಗ ಗುರುತಿಸುವುದಕ್ಕೆ ನೆರವಾಗುತ್ತವೆ, ಹೊಸದನ್ನೇನೂ ಕಲಿಸುವುದಿಲ್ಲ.

ಬೇಗ ಗುರುತಿಸುವುದರಲ್ಲಿ ಇನ್ನೊಂದು ತೊಡಕಿದೆ. ಮೆರಿಮ್ ಬಿಲಾಲಿಚ್, ಪೀಟರ್ ಮ್ಯಾಕ್ಲಾಡ್ ಮತ್ತು ಫೆರ್ನಾಂಡ್ ಗೊಬೆ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಲಿಷ್ಠ ಆಟಗಾರರಿಗೆ ಎರಡು ಪರಿಹಾರಗಳಿರುವ ಸ್ಥಿತಿಯನ್ನು ಕೊಟ್ಟರು. ಒಂದು, ರಾಜನನ್ನು ಅವನದೇ ಕಾಯಿಗಳ ನಡುವೆ ಉಸಿರುಗಟ್ಟಿಸಿ ಕುದುರೆಯಿಂದ ಮೇಟ್ ಮಾಡುವ, ಎಲ್ಲರಿಗೂ ಚಿರಪರಿಚಿತವಾದ ಐದು ನಡೆಗಳ ದಾರಿ. ಇನ್ನೊಂದು, ಅಷ್ಟೇನೂ ಪರಿಚಿತವಲ್ಲದ, ಮೂರೇ ನಡೆಗಳ ದಾರಿ. ಮೊದಲನೆಯದು ಕಂಡ ಮೇಲೆ ಹೆಚ್ಚಿನವರಿಗೆ ಎರಡನೆಯದು ಕಾಣಲೇ ಇಲ್ಲ. ಇನ್ನೂ ಚಿಕ್ಕ ದಾರಿಗಾಗಿ ಹುಡುಕುತ್ತಿದ್ದೇವೆ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು, ಆದರೆ ಅವರ ಕಣ್ಣುಗಳು ಪರಿಚಿತ ಪರಿಹಾರದ ಮನೆಗಳನ್ನು ಬಿಟ್ಟು ಕದಲಿರಲಿಲ್ಲ. ಆ ಪರಿಚಿತ ದಾರಿಯನ್ನು ಮುಚ್ಚಿದ ಸ್ಥಿತಿ ಕೊಟ್ಟಾಗ ಚಿಕ್ಕ ದಾರಿ ಕಂಡಿತು. ಭಂಡಾರ ತುಂಬಿದಷ್ಟೂ ಇಂಥ ಸೆಳೆತ ಬಲವಾಗುತ್ತದೆಯೇ ಎಂದು ಕೇಳಿದರೆ ಉತ್ತರ ಸ್ವಲ್ಪ ಸಮಾಧಾನಕರವಾಗಿದೆ: ಅವರಲ್ಲೂ ಅತ್ಯಂತ ಬಲಿಷ್ಠರಾದವರು ಈ ಬಲೆಗೆ ಅಷ್ಟಾಗಿ ಬೀಳಲಿಲ್ಲ. ಪಜಲ್ ವಿಭಾಗ ಪ್ರತಿ ಹಂತದಲ್ಲೂ ಒಂದೇ ಸರಿ ನಡೆಯನ್ನು ಒಪ್ಪುವುದರಿಂದ, ಗೆದ್ದ ಮೇಲೂ ಇದಕ್ಕಿಂತ ಒಳ್ಳೆಯದಿತ್ತೇ ಎಂದು ಕೇಳುವ ಅಭ್ಯಾಸ ಅಲ್ಲಿ ಬೆಳೆಯುವುದಿಲ್ಲ. ಸರಿ ಎಂಬ ಗುರುತು ಮೂಡಿತು, ಮುಂದಿನದಕ್ಕೆ ಹೋದೆವು, ಅಷ್ಟೆ.

ಹಾಗಾದರೆ ಎಲ್ಲಿ ನಿಲ್ಲಬೇಕೆಂದು ಗುರುತಿಸುವ ಆ ಅರ್ಧವನ್ನು ಎಲ್ಲಿ ಕಲಿಯಬೇಕು? ಉತ್ತರ ಇದೇ ತಾಣದಲ್ಲಿ, ಆದರೆ ಜನ ಕಡಿಮೆ ಬಳಸುವ ಮೂಲೆಯಲ್ಲಿದೆ. ನಾವು ಆಡಿ ಮುಗಿಸಿದ ಆಟಕ್ಕೆ ಕಂಪ್ಯೂಟರ್ ವಿಶ್ಲೇಷಣೆ ಕೋರಿದರೆ, ಅದು ಸಣ್ಣ ಲೋಪ, ತಪ್ಪು, ಘೋರ ತಪ್ಪು ಎಂದು ನಮ್ಮ ನಡೆಗಳನ್ನು ವಿಂಗಡಿಸುತ್ತದೆ. ನಿಮ್ಮ ತಪ್ಪುಗಳಿಂದ ಕಲಿಯಿರಿ ಎಂಬ ಸೌಲಭ್ಯ ಆ ಸ್ಥಿತಿಗಳನ್ನೇ ನಮ್ಮ ಮುಂದಿಟ್ಟು ಉತ್ತಮ ನಡೆಯನ್ನು ಹುಡುಕಲು ಹೇಳುತ್ತದೆ. ಇದೂ ಪಜಲ್‌ನಂತೆಯೇ ಕಂಡರೂ ಒಂದು ವ್ಯತ್ಯಾಸವಿದೆ. ಈ ಸ್ಥಿತಿಯ ಮುಂದೆ ನಾವು ಆಗಲೇ ಒಮ್ಮೆ ಕುಳಿತಿದ್ದೆವು, ಏನೂ ಇಲ್ಲವೆಂದು ಮುಂದೆ ಸಾಗಿದ್ದೆವು. ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಯನ್ನು ಅನ್ಯರ ಆಟದಿಂದ ಬಂದ ಪಜಲ್ ಎಂದೂ ಎತ್ತಲಾರದು. ಗಡಿಯಾರ ಓಡುತ್ತಿತ್ತೇ, ಗೆದ್ದಾಯಿತು ಎಂಬ ಸಡಿಲ ಬಂದಿತ್ತೇ, ಎದುರಾಳಿಯ ಕೊನೆಯ ನಡೆಯನ್ನು ನೋಡಿಯೇ ಇರಲಿಲ್ಲವೇ?

ನೀಲ್ ಚಾರ್ನೆಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಗಾರರ ಮಟ್ಟವನ್ನು ಮುನ್ನಂದಾಜು ಮಾಡುವುದರಲ್ಲಿ ಟೂರ್ನಿಗಳಲ್ಲಿ ಕಳೆದ ಸಮಯಕ್ಕಿಂತ ಒಬ್ಬರೇ ಕುಳಿತು ಗಂಭೀರವಾಗಿ ಅಭ್ಯಾಸ ಮಾಡಿದ ಗಂಟೆಗಳೇ ಹೆಚ್ಚು ನೆರವಾದವು. ಹತ್ತು ಸಾವಿರ ಗಂಟೆಯ ಮಾತು ಇಲ್ಲಿ ಬಂದೇ ಬರುತ್ತದೆ. ಆಂಡರ್ಸ್ ಎರಿಕ್ಸನ್ ಮತ್ತು ಸಹೋದ್ಯೋಗಿಗಳ 1993ರ ಅಧ್ಯಯನದಲ್ಲಿ ಅದು ಇಪ್ಪತ್ತರ ವಯಸ್ಸಿಗೆ ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು ಮಾಡಿದ್ದ ಅಭ್ಯಾಸದ ಸರಾಸರಿಯಾಗಿತ್ತೇ ಹೊರತು ಯಾರಿಗೂ ಕೊಟ್ಟ ವಾಗ್ದಾನವಾಗಿರಲಿಲ್ಲ. ಗೊಬೆ ಮತ್ತು ಗಿಯೆರ್ಮೊ ಕಂಪಿತೆಲ್ಲಿ 2007ರಲ್ಲಿ ಚದುರಂಗ ಆಟಗಾರರನ್ನು ವಿಚಾರಿಸಿದಾಗ, ಮಾಸ್ಟರ್ ಮಟ್ಟ ಮುಟ್ಟಲು ಒಬ್ಬರಿಗೆ ಸುಮಾರು 3,000 ಗಂಟೆ ಸಾಕಾಗಿತ್ತು, ಇನ್ನೊಬ್ಬರಿಗೆ 23,000ಕ್ಕೂ ಹೆಚ್ಚು ಬೇಕಾಗಿತ್ತು. ಬಿಡಿಸಿದ ಪಜಲ್‌ಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ಈ ಅಂತರವನ್ನು ಒಮ್ಮೆ ನೋಡಬೇಕು.

ವಿಶ್ಲೇಷಣೆಯ ಭಾಗಕ್ಕೂ ದೋಷವಿಲ್ಲವೆಂದಲ್ಲ. ಎಂಜಿನ್ ಯಾವ ನಡೆ ಉತ್ತಮ ಎಂದು ಹೇಳುತ್ತದೆ, ಯಾಕೆ ಉತ್ತಮ ಎಂದು ಹೇಳುವುದಿಲ್ಲ. ದಶಾಂಶದಲ್ಲಿ ಮೂಡುವ ಅಂಕಿಯೊಂದು ಬಿಳಿಯ ಕಡೆಗೋ ಕಪ್ಪಿನ ಕಡೆಗೋ ವಾಲುತ್ತದೆ, ಅದನ್ನು ಅರ್ಥ ಮಾಡಿಕೊಳ್ಳುವ ಹೊಣೆ ಪೂರ್ತಿ ನಮ್ಮದು. ಹೊಸಬನಿಗೆ ಎಂಜಿನ್ ತೋರಿಸುವ ಎಂಟು ನಡೆಗಳ ಸಾಲಿನಲ್ಲಿ ಐದನೆಯದಾದ ಮೇಲೆ ಏನೂ ತಿಳಿಯುವುದಿಲ್ಲ, ಮತ್ತು ತಿಳಿಯಿತೆಂದು ಅಂದುಕೊಳ್ಳುವುದು ತೀರಾ ಸುಲಭ. ಪಕ್ಕದಲ್ಲಿ ಕುಳಿತ ಹಿರಿಯ ಆಟಗಾರ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ಅವನು ಹೇಳುವ ನಡೆ ಎಂಜಿನ್‌ನದಕ್ಕಿಂತ ಒಂದು ಗುಲಗಂಜಿ ಕಡಿಮೆಯದೇ ಇರಬಹುದು, ಆದರೆ ಈ ಕುದುರೆಗೆ ಇನ್ನು ಮನೆಯಿಲ್ಲ, ಇದನ್ನು ಹಾಗೆಯೇ ಬಿಡು ಎಂದು ಅವನು ಹೇಳಿದ್ದು ಮುಂದಿನ ಆಟಕ್ಕೂ ಜೊತೆಗೆ ಬರುತ್ತದೆ. ಆದ್ದರಿಂದ ಎಂಜಿನ್ ಚಾಲೂ ಮಾಡುವ ಮುನ್ನ ಆಟದುದ್ದಕ್ಕೂ ನಮ್ಮ ಮನಸ್ಸಿನಲ್ಲಿದ್ದದ್ದನ್ನು ಬರೆದಿಡುವುದು ಒಳ್ಳೆಯದು. ತಾಣದ ಸ್ಟಡಿ ಎಂಬ ಸೌಲಭ್ಯ ಪ್ರತಿ ನಡೆಯ ಕೆಳಗೂ ಟಿಪ್ಪಣಿ ಬರೆಯಲು ಅನುಕೂಲ ಕೊಡುತ್ತದೆ. ಶ್ರಮದ ಕೆಲಸ, ಅದಕ್ಕಾಗಿಯೇ ಯಾರೂ ಮಾಡುವುದಿಲ್ಲ.

ಪಜಲ್ ರೇಟಿಂಗನ್ನು ಆಟದ ರೇಟಿಂಗ್‌ನೊಡನೆ ಹೋಲಿಸುವ ಗೀಳನ್ನು ಬಿಡಬೇಕು. ಎರಡೂ ಒಂದೇ ಬಗೆಯ ಅಂಕಿಗಳಂತೆ ಕಂಡರೂ ಅಳೆಯುತ್ತಿರುವುದು ಬೇರೆ ಬೇರೆ. ಒಂದರಲ್ಲಿ ಎದುರಾಳಿ ಪಜಲ್, ಸಮಯದ ಮಿತಿ ಇಲ್ಲ, ಉತ್ತರ ಇದ್ದೇ ಇದೆ. ಅನೇಕರ ಪಜಲ್ ಅಂಕ ಆಟದ ಅಂಕಕ್ಕಿಂತ ಎಷ್ಟೋ ಮೇಲಿರುತ್ತದೆ, ಆ ಅಂತರವನ್ನು ಕಂಡು ತಾನು ಆಟದಲ್ಲಿ ದುರದೃಷ್ಟವಂತ ಎಂದು ಭಾವಿಸುವವರನ್ನು ನೋಡಿದ್ದೇನೆ. ಈ ಅಂಕಗಳು ಕಾಣದಂತೆ ಮಾಡುವ ಆಯ್ಕೆ ಸೆಟ್ಟಿಂಗ್‌ಗಳಲ್ಲಿದೆ.

ಕಾಯಿಗಳ ಚಲನೆ ಕಲಿತು ಈಗಷ್ಟೇ ಆಡಲು ತೊಡಗಿದವರಿಗೆ ಪಜಲ್ ವಿಭಾಗವನ್ನು ಯಾವ ಷರತ್ತೂ ಇಲ್ಲದೆ ಶಿಫಾರಸು ಮಾಡುತ್ತೇನೆ, ಏಕೆಂದರೆ ಅವರ ಆಟಗಳು ತೀರ್ಮಾನವಾಗುವುದೇ ಇಂಥ ಸರಳ ತಂತ್ರಗಳಿಂದ. ಒಂದಿಷ್ಟು ಕಾಲ ಆಡಿ, ಮುಂದೆ ಹೋಗದೆ ನಿಂತುಬಿಟ್ಟವರು ಪಜಲ್‌ಗೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ತಮ್ಮದೇ ಸೋತ ಆಟಗಳ ವಿಶ್ಲೇಷಣೆಗೆ ವರ್ಗಾಯಿಸಬೇಕು. ಮಕ್ಕಳಿಗೆ ಕಲಿಸುವವರಿಗೆ ಒಂದು ಸಲಹೆ: ತಾಣದ ಸಂಗ್ರಹದಿಂದ ಕೆಲವು ಪಜಲ್‌ಗಳನ್ನೂ, ಏನೂ ವಿಶೇಷವಿಲ್ಲದ ಕೆಲವು ಸಾಧಾರಣ ಸ್ಥಿತಿಗಳನ್ನೂ ಬೆರೆಸಿ, ಯಾವುದು ಯಾವುದೆಂದು ಹೇಳದೆ ಮಕ್ಕಳ ಮುಂದಿಡಿ. ಲೀಚೆಸ್ ಇಂಥದ್ದೊಂದು ಆಯ್ಕೆಯನ್ನು ತಾನೇ ಸೇರಿಸಿದರೆ, ಈ ವಿಮರ್ಶೆಯ ಅರ್ಧದಷ್ಟು ಆಕ್ಷೇಪ ಬಿದ್ದುಹೋಗುತ್ತದೆ.